ಒತ್ತುವ ಅಂಗಿ

ಜಯಶೀಲಾಳ ಹೆಗಲು ಬಿಗಿಯಿತು; ಅಂಗಿ ಒತ್ತಿತು. ಒಳಪದರದಲ್ಲಿ ಕಡಲೆಕಾಳಿನಷ್ಟು ಸಣ್ಣ ಗಾಳಿಗುಳ್ಳೆಗಳು ಉಬ್ಬಿ, ಕುತ್ತಿಗೆಯ ಬುಡವನ್ನು ಹೆಬ್ಬೆರಳಿನಂತೆ ಅದುಮಿದವು. ಉಸಿರು ತಣ್ಣಗಾಯಿತು. ನಿಯಂತ್ರಣ ಕೊಠಡಿಯಿಂದ ಅವಳು ನಡೆಸುತ್ತಿದ್ದ ಕ್ರೇನು ಇನ್ನೊಂದು ಕಂಟೇನರನ್ನು ಅಲುಗದಂತೆ ಹಡಗಿಗೆ ಇಳಿಸಿತು. ೨೦೬೧ರಲ್ಲಿ ಆ ಬಂದರಿನವರೆಲ್ಲ ಇದನ್ನೇ ತೊಡಬೇಕಿತ್ತು.

ಅಂಗಿ ಮಾಡಿದವಳು ಡಾ. ವಾರಿಜಾ ನಾಯಕ. ಜಪಾನಿಗೆ ಹೋಗಿ ಶಿಯಾತ್ಸು, ಅಂದರೆ ಬೆರಳೊತ್ತಿನ ಚಿಕಿತ್ಸೆ, ಕಲಿತು ಬಂದಿದ್ದಳು. ಗುರುವಿನ ಹೆಬ್ಬೆರಳು ಎಲ್ಲಿ, ಎಷ್ಟು ಒತ್ತುತ್ತದೆಂಬುದನ್ನೆಲ್ಲ ಯಂತ್ರಕ್ಕೆ ಕಲಿಸಿದಳು. ಆತ ನಡುನಡುವೆ ಕೈ ತೆಗೆದು, ರೋಗಿಯ ಮುಖ ನೋಡಿ, ಸಾಕೇ ಎಂದು ಕೇಳುತ್ತಿದ್ದದ್ದನ್ನು ಮಾತ್ರ ಸಮಯ ದಂಡವೆಂದು ಕತ್ತರಿಸಿ ಹಾಕಿದಳು. ಬುದ್ಧಿವಂತರು ಎಡವುವುದೇ ಇಂಥ ಕಡೆ, ನೋಡಿ. ಸಿಟ್ಟು ಬಂದವರು ಅಂಗಿ ಕಿತ್ತೆಸೆಯುತ್ತಾರೆಂದು ಬಂದರಿನ ಆಡಳಿತದವರು ದೂರಿದಾಗ, ಮೈ ಸಡಿಲಾದರಷ್ಟೇ ಬಿಚ್ಚಿಕೊಳ್ಳುವ ಕೊಂಡಿಯನ್ನೂ ಇಟ್ಟುಕೊಟ್ಟಳು.

ಅಂದು ವಾರಿಜಾ ಅಂಗಿಗಳ ಪರೀಕ್ಷೆಗೆಂದು ನಿಯಂತ್ರಣ ಕೊಠಡಿಗೆ ಬಂದಾಗ ಜಯಶೀಲಾಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೇಳಿದರೆ, ಬೆಳಿಗ್ಗೆಯಿಂದ ಅಣ್ಣ ಕರೆಯುತ್ತಿದ್ದಾನಂತೆ. ಆಸ್ಪತ್ರೆಯಲ್ಲಿ ತಾಯಿಯ ಜೀವ ಈಗಲೋ ಆಗಲೋ ಎಂಬಂತಿದೆಯಂತೆ, ಮಗಳ ಹೆಸರನ್ನೇ ಕನವರಿಸುತ್ತಿದ್ದಾಳಂತೆ. ಹೊರಡಬೇಕೆಂದು ಏಳುವಷ್ಟರಲ್ಲಿ ಅಂಗಿ ಒತ್ತುತ್ತದೆ. ಆತುರ ಇಳಿದು, ಆಮೇಲೆ ಹೋದರಾಯಿತು ಅನ್ನಿಸಿಬಿಡುತ್ತದೆ.

"ಮೊದಲು ಅದನ್ನ ಬಿಚ್ಚಿ," ಎಂದಳು ವಾರಿಜಾ.

"ಬಿಚ್ಚಬೇಕು ಅನ್ನಿಸಿದಾಗ ಕೊಂಡಿ ಬಿಡೂದಿಲ್ಲ ಮೇಡಂ. ಕೊಂಡಿ ಬಿಟ್ಟಾಗ ಬಿಚ್ಚಬೇಕು ಅನ್ನಿಸೂದೇ ಇಲ್ಲ."

ಜಯಶೀಲಾ ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಅಂಗಲಾಚುತ್ತಿತ್ತು.

ತಾನಿಟ್ಟ ಕೊಂಡಿ ಮಾಡಿದ್ದೇನೆಂದು ವಾರಿಜಾಳಿಗೆ ಆಗ ಹೊಳೆಯಿತು. ಅವಳೂ ಅದೇ ಅಂಗಿ ತೊಟ್ಟಿದ್ದಳು. ಅದು ಒತ್ತಲು ಶುರುಮಾಡುವ ಮೊದಲೇ, ಗೋಡೆಯ ಮೇಲಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಕತ್ತರಿ ತೆಗೆದು ಜಯಶೀಲಾಳ ಅಂಗಿಯನ್ನು ಬೆನ್ನುದ್ದಕ್ಕೂ ಸೀಳಿದಳು. ಬೆಳಗಿನಿಂದ ತಡೆದಿದ್ದ ದುಃಖ ಒಮ್ಮೆಲೇ ಹೊರಬಿತ್ತು. "ಅವ್ವೀ" ಎಂದು ಚೀರಿ ಜಯಶೀಲಾ ಮೆಟ್ಟಿಲಿಳಿದು ಓಡಿದಳು. ಮೇಜಿನ ಮೇಲೆಯೇ ಉಳಿದ ಫೋನು ಅಷ್ಟರಲ್ಲಿ ಸುಮ್ಮನಾಗಿತ್ತು.

ಅಯ್ಯೋ, ಎಂಥ ಅಂಗಿ ಮಾಡಿಬಿಟ್ಟೆ ಎಂದಳು ವಾರಿಜಾ. ಇವತ್ತೇ ಎಲ್ಲರ ಅಂಗಿಯನ್ನೂ ತೆಗೆಸಬೇಕು, ಮೊದಲು ತನ್ನದೇ ಎಂದುಕೊಂಡು ಕತ್ತರಿಯನ್ನು ಹೆಗಲಿಗೆ ಒಯ್ದಳು.

ಅಂಗಿ ಮೆತ್ತಗೆ ಒತ್ತಿತು.

ಉಸಿರು ತಣ್ಣಗಾಯಿತು. ಇಷ್ಟು ಅವಸರವೇನು? ಕತ್ತರಿಯನ್ನು ಪೆಟ್ಟಿಗೆಯಲ್ಲಿಟ್ಟು, ಸೀಳಿದ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಮುಂದಿನ ಸಲ ಕತ್ತರಿಗೂ ಬಗ್ಗದ ಬಟ್ಟೆ ಹಾಕಿಸಬೇಕು ಅನ್ನಿಸಿತು.

ಇದನ್ನು ಓದುತ್ತ ನಿಮ್ಮ ಹೆಗಲು ಬಿಗಿದಿದ್ದರೆ, ಒತ್ತಿಸಿಕೊಳ್ಳುವ ಮೊದಲು ಯಾಕೆ ಬಿಗಿಯಿತೆಂದು ಅದನ್ನೇ ಒಮ್ಮೆ ಕೇಳಿ. ಕೇಳಲು ಇನ್ನೂ ಕಾಲವಿದೆ.