ಪಕ್ಕದ ನಕ್ಷತ್ರದ ಸಾಕ್ಷಿ

ಗುರುವಾರದ ತಾರೀಕಿನ ಲಕೋಟೆಯಿಂದ ಆಕಾಶದ ಚಿತ್ರವಿದ್ದ ಗಾಜಿನ ಫಲಕ ಹೊರತೆಗೆದ ಕೂಡಲೇ ಸಿಮೆನಾಳ ಎದೆ ಧಸಕ್ಕೆಂದಿತು. ಗುರುವಾರ ತಾನು ತೆಗೆದ ಚಿತ್ರವನ್ನು ಅವಳು ಹಸಿಯಿದ್ದಾಗಲೇ ನೋಡಿದ್ದಳು; ಅದರಲ್ಲಿ ಆ ನಕ್ಷತ್ರ ಕಂಡೂ ಕಾಣದಷ್ಟು ಮಸುಕಾಗಿತ್ತು. ಇಲ್ಲಿ ನೋಡಿದರೆ — ದಪ್ಪ ಕಪ್ಪು ಚುಕ್ಕೆ! ಫಲಕದಲ್ಲಿ ಚುಕ್ಕೆ ದಪ್ಪವಾದಷ್ಟೂ ಆಕಾಶದಲ್ಲಿ ಬೆಳಕು ಹೆಚ್ಚು.

ನೆರೆಯ ಗೆಲಾಕ್ಸಿಯ ಆ ನಕ್ಷತ್ರ ವರ್ಷಗಳಿಂದ ಲೆಕ್ಕದ ದಿನ ತಪ್ಪದೆ ಬೆಳಗಿ ಮಂಕಾಗುತ್ತಿತ್ತು. ಗುರುವಾರ ಬೆಳಗಬೇಕಾಗಿದ್ದದ್ದು ಬೆಳಗಲೇ ಇಲ್ಲವೆಂದು ಅವಳು ವರದಿ ಕೊಟ್ಟಿದ್ದಳು. ಅದರ ಹಿಂದೆಯೇ ಮೋಡ ಕವಿದುಕೊಂಡಿತು. ಸಾಕ್ಷಿಗೆ ಉಳಿದದ್ದು ಆ ಒಂದೇ ಫಲಕ. ಅದಿಲ್ಲದಿದ್ದರೆ ಅವಳು ಸುಳ್ಳುಗಾತಿ. ಸಂಜೆಯ ಲಾರಿಯಲ್ಲಿ ಬೆಟ್ಟ ಇಳಿಯಬೇಕು, ಮತ್ತೆ ಯಾವ ವೀಕ್ಷಣಾಲಯವೂ ಅವಳನ್ನು ಸೇರಿಸುವುದಿಲ್ಲ.

ವೀಕ್ಷಣಾಲಯದ ನಿರ್ದೇಶಕಿ ದೋನ್ಯಾ ಒರ್ತೆನ್ಸಿಯಾ ಕೆಳಗಿನ ವಿಕುನ್ಯಾ ಊರಿನಿಂದ ಪತ್ತೇದಾರ ಬಾರಾಸಾರನ್ನು ಕರೆಸಿದರು. ಬಾರಾಸಾ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿಕೊಳ್ಳುತ್ತಲೇ ವಿಚಾರಣೆ ಶುರುಮಾಡಿದರು.

“ಲಕೋಟೆ ಮೇಲೆ ತಾರೀಕು ಬರೆದದ್ದು ಯಾರು?”

“ನಾನೇ,” ಎಂದರು ಸಿಮೆನಾಳಿಗೆ ಕೆಲಸ ಕಲಿಸಿದ ಡಾಕ್ಟರ್ ಅಲ್ದುನಾತೆ. “ಫಲಕ ತೊಳೆದು ಚಿತ್ರ ಮೂಡಿಸಿ ಒಣಗಿಸಿದ್ದೂ ನಾನೇ. ಇದೇ ಅದು, ಅನುಮಾನಾನೇ ಬೇಡ. ಪಾಪ, ಹುಡುಗಿ ನಿದ್ದೆಗೆಟ್ಟು ಏನೋ ಕಂಡಿದ್ದಾಳೆ.”

ಬೈದಿದ್ದರೆ ಸಿಮೆನಾ ತಡೆದುಕೊಳ್ಳುತ್ತಿದ್ದಳು. ಆ ‘ಪಾಪ’ ಮಾತ್ರ ಸಹಿಸಲಾಗಲಿಲ್ಲ.

“ಆ ಗೆಲಾಕ್ಸಿ ಎಷ್ಟು ದೂರ ಅಂತ ಈ ನಕ್ಷತ್ರಾನೇ ನಂಬಿ ಲೆಕ್ಕ ಹಾಕಿದ್ದೀರಂತೆ? ಇದು ತಪ್ಪಿದರೆ ನಿಮ್ಮ ಲೆಕ್ಕವೂ ತಪ್ಪಿದ ಹಾಗೆ, ಅಲ್ವಾ?” ಎಂದು ಬಾರಾಸಾ ಡಾಕ್ಟರನ್ನು ಕೇಳಿದರು.

“ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?”

ಬಾರಾಸಾ ಸಿಮೆನಾಳತ್ತ ತಿರುಗಿದರು. “ನೋಡಮ್ಮ, ನಕ್ಷತ್ರದ ವಿಚಾರದಲ್ಲಿ ನಾನು ಶುದ್ಧ ದಡ್ಡ. ಜಗಳ ಆದ ಮನೆ ಬಿಟ್ಟು ಪಕ್ಕದ ಮನೆಯವರನ್ನ ಕೇಳೋದು ನನ್ನ ಅಭ್ಯಾಸ. ಈ ಗಾಜಲ್ಲಿ ಎಲ್ಲರೂ ನಂಬೋ ನಕ್ಷತ್ರ ಬೇರೆ ಯಾವುದಾದರೂ ಇದೆಯಾ?”

ಅವಳು ಭೂತಗನ್ನಡಿ ಹಿಡಿದು ಫಲಕದ ಮೇಲೆ ಬಗ್ಗಿದಳು.

“ಪಕ್ಕದ್ದು... ಇದೂ ಬೆಳಗಿ ಮಂಕಾಗೋದೇ, ಗಡಿಯಾರ ಇದ್ದ ಹಾಗೆ, ತಪ್ಪಿದ್ದೇ ಇಲ್ಲ. ಗುರುವಾರ ಇದೂ ಪೂರ್ತಿ ಹೊಳೀಬೇಕಿತ್ತು. ಇಲ್ಲಿ — ಅಯ್ಯೋ, ಚುಕ್ಕೆ ಸಣ್ಣಗಿದೆ!”

ದೋನ್ಯಾ ಒರ್ತೆನ್ಸಿಯಾ ತಾವೂ ನೋಡಿ, ಹೌದೆಂದು ತಲೆಯಾಡಿಸಿದರು.

“ಅಂದರೆ ಇದು ಗುರುವಾರದ ಆಕಾಶವೇ ಅಲ್ಲ,” ಎಂದರು ಬಾರಾಸಾ. “ಎಲ್ಲರೂ ತಕರಾರಿನ ಚುಕ್ಕೇನೇ ನೋಡಿದಿರಿ, ಪಕ್ಕದ್ದನ್ನ ಯಾರೂ ವಿಚಾರಿಸಲಿಲ್ಲ. ಬೇರೆ ರಾತ್ರಿಯ ಫಲಕಕ್ಕೆ ಗುರುವಾರದ ಲಕೋಟೆ! ಇದನ್ನೇ ತೊಳೆದೆ ಅಂದವರು ಒಬ್ಬರೇ. ನಿಜವಾದದ್ದೆಲ್ಲಿ, ಡಾಕ್ಟರೇ? ಒಡೆದು ಹಾಕಿದ್ರಾ?”

ಅಲ್ದುನಾತೆಯ ಮುಖ ಕಪ್ಪಿಟ್ಟಿತು. ಚೀಲದಿಂದ ಉಣ್ಣೆಯ ಮಫ್ಲರಿನಲ್ಲಿ ಸುತ್ತಿದ್ದ ಫಲಕವನ್ನು ತೆಗೆದು ಸಿಮೆನಾಳ ಮುಂದಿಟ್ಟರು.

“ಒಡೆಯೋಕೆ ಹೋದೆ, ಕೈ ಬರಲಿಲ್ಲ. ಅಷ್ಟು ಚೆನ್ನಾಗಿ ತೆಗೆದಿದ್ದೀಯ.”

ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಹೊಗಳಿದ್ದು ಅದೇ ಮೊದಲು. ಸಿಮೆನಾ ಫಲಕವನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.