ಬಿಸಿಲೇರುವವರೆಗೆ ಹೇಳಬೇಡ

"ಗಾಡಿ ನಿಲ್ಸು! ನಿಲ್ಸು ಅಂದೆ!"

ಕೂಗಿ ಕೂಗಿ ಸಾಕಾಗಿ ಇಜ್ಜಾ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಇನ್ನೂ ಬೆಳಕು ಹರಿದಿರಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಬರುತ್ತಿದ್ದ ಸಣ್ಣ ಲಾರಿ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕಿರ್ರೆಂದು ನಿಂತಿತು.

"ಸಾಯೋಕೆ ನನ್ನ ಗಾಡಿಯೇ ಬೇಕಿತ್ತಾ ನಿಂಗೆ?" ಒಬ್ಬ ಯುವಕ ತಲೆ ಹೊರಹಾಕಿ ರೇಗಿದ.

"ಹಿಂದೆ ಏನು ತುಂಬ್ಕೊಂಡಿದೀಯ?"

"ಕುರಿ!"

ಅವಳು ಹಿಂದಕ್ಕೆ ಹೋಗಿ ಕಂಬಳಿ ಎತ್ತಿದಳು. ಒಬ್ಬರ ಹೆಗಲಿಗೆ ಒಬ್ಬರು ಒರಗಿ ಮಕ್ಕಳು ನಿದ್ದೆ ಮಾಡುತ್ತಿದ್ದರು. ಸಂಜೆ ಮಸೀದಿಯ ಪಕ್ಕದ ಕೋಣೆಯಲ್ಲಿ ಅವಳು ಕೂರಿಸಿಕೊಂಡು ಪಾಠ ಹೇಳುವ ಮಕ್ಕಳೇ ಎಲ್ಲರೂ.

"ಇವು ಕುರಿಗಳಾ? ಇನ್ನು ಸ್ವಲ್ಪ ಹೊತ್ತಿಗೆ ಇವಕ್ಕೆ ಶಾಲೆ ಇದೆ, ಗೊತ್ತಾ?"

"ಹಾಜಿ ಬೆಲಾಯಿದ್ ಸಾಹುಕಾರನ ಹೊಲದಲ್ಲಿ ಕೇಸರಿ ಹೂ ಬಿಟ್ಟಿದೆ, ಅದು ಗೊತ್ತು. ಬಿಸಿಲು ಬಿದ್ರೆ ಹೂ ಹಾಳು, ಅದೂ ಗೊತ್ತು. ಇವರ ಅಮ್ಮಂದಿರೇ ಎತ್ತಿ ಗಾಡಿಗೆ ಹಾಕಿದ್ದು. ನನ್ನ ಯಾಕೆ ತಿಂತೀಯ?"

"ನನ್ನನ್ನೂ ಹೀಗೇ ಒಬ್ಬ ಹೂ ಬಿಡಿಸೋಕೆ ಹೊತ್ಕೊಂಡು ಹೋದ," ಎಂದಳು ಇಜ್ಜಾ. ಅವಳ ಧ್ವನಿ ಇದ್ದಕ್ಕಿದ್ದ ಹಾಗೆ ಇಳಿದಿತ್ತು. "ಅವತ್ತು ನನ್ನ ಆರನೇ ತರಗತಿ ಪರೀಕ್ಷೆ. ಆಮೇಲೆ ನಾನು ಶಾಲೆಯ ಮುಖ ನೋಡಲಿಲ್ಲ."

ಯುವಕ ಅವಳ ಕೈಯಿಂದ ಕಂಬಳಿ ತೆಗೆದುಕೊಂಡು ಮಕ್ಕಳಿಗೆ ಸರಿಯಾಗಿ ಹೊದಿಸಿದ. ಆಮೇಲೆ ಗಾಡಿಯನ್ನು ಊರಿನ ಕಡೆಗೆ ತಿರುಗಿಸಿದ.

ಅವನ ಹೆಸರು ಬಿಹಿ. ಇಗಿಲ್ ಎಂಬ ಆ ಬೆಟ್ಟದ ಊರಿನಲ್ಲಿ ಅಜ್ಜಿ ಲಲ್ಲಾ ಮಮ್ಮಾಸ್ ಜೊತೆ ಇದ್ದ. ಅಜ್ಜಿ, ಮೊಮ್ಮಗ, ಒಂದು ಲಾರಿ, ಅಂಗೈ ಅಗಲದ ಕೇಸರಿ ಹೊಲ… ಅವರಿಗಿದ್ದದ್ದು ಇಷ್ಟೇ.

ಮಾಳಿಗೆ ಕಟ್ಟುವಾಗ, ಬಾವಿ ತೋಡುವಾಗ ಊರಿನವರೆಲ್ಲ ಕೂಲಿ ಕೇಳದೆ ಕೈಜೋಡಿಸುವುದಕ್ಕೆ ಆ ಕಡೆ ತಿವಿಝಿ ಎನ್ನುತ್ತಾರೆ. ಹೂವಿಗೂ ತಿವಿಝಿ ಮಾಡೋಣ ಎಂದಳು ಇಜ್ಜಾ. ಮಕ್ಕಳ ಕೈಯ ಬದಲಿಗೆ ದೊಡ್ಡವರ ಕೈ. ತಾಲಿವಿನ್ ಪೇಟೆಯ ಮಹಿಳಾ ಸಂಘದಲ್ಲಿ ಅವಳಿಗೆ ಕೆಲಸವಿತ್ತು. ಅಲ್ಲಿಯ ಹೆಂಗಸರು ಬರುತ್ತಾರೆ, ಕಾಲೇಜಿನ ಹುಡುಗರು ಬರುತ್ತಾರೆ. ಬೆಳಗಿನ ಜಾವ ಊರವರ ಹೊಲಗಳ ಹೂ ಬಿಡಿಸಿಕೊಟ್ಟು ಹೋಗುತ್ತಾರೆ. ಮಕ್ಕಳು ಮಲಗಿ ಎದ್ದು ಶಾಲೆಗೆ ಹೋಗಲಿ.

ತಾಯಂದಿರು ನಕ್ಕರು. ಪೇಟೆಯವರಿಗೆ ಬಗ್ಗೋಕೆ ಬರುತ್ತಾ ಎಂದು ಹಾಸ್ಯ ಮಾಡಿದರು.

ನಗದೇ ಇದ್ದವಳು ಲಲ್ಲಾ ಮಮ್ಮಾಸ್ ಒಬ್ಬಳೇ. "ನನ್ನ ಕೈ ಇನ್ನೂ ಉದುರಿ ಬಿದ್ದಿಲ್ಲ. ಒಂದು ಮಗುವಿನ ಬದಲು ನಾನು ಬರ್ತೀನಿ. ಇವನ ಗಾಡಿಯೂ ಬರುತ್ತೆ. ಬರಲ್ಲ ಅಂದ್ರೆ ಇವನಿಗೆ ಊಟ ಹಾಕಲ್ಲ!"

ಹಾಗೆ ಶುರುವಾಯಿತು. ಬಿಹಿ ಪೇಟೆಯಿಂದ ಜನರನ್ನು ತಂದ, ಕರೆದೊಯ್ದ. ಹೂವಿನ ಕಾಲ ಮುಗಿದ ಮೇಲೆ ಒಣಗಿದ ಹೊಳೆಯ ಮರಳಿನಲ್ಲಿ ಇಜ್ಜಾಳಿಗೆ ಗಾಡಿ ಓಡಿಸುವುದನ್ನು ಕಲಿಸಿದ. ಅಜ್ಜಿ ಗೋಡೆಯ ಮೇಲಿನಿಂದ ಕೂಗುತ್ತಿದ್ದಳು: "ಲೋ ಬಿಹಿ, ದಾರಿ ನೋಡೋ ಅಂತ ಅವಳಿಗೆ ಹೇಳ್ತೀಯ. ನೀನು ಎಲ್ಲಿ ನೋಡ್ತಿದೀಯೋ?"

ವರ್ಷ ತಿರುಗಿತು. ಮತ್ತೆ ಮೊಗ್ಗು ಕಂಡ ದಿನ ಬಿಹಿ ಅವಳಿಗೆ ಮೆಲ್ಲಗೆ ಹೇಳಿದ, "ಈ ಹೂವು ಮುಗೀಲಿ. ಅಜ್ಜಿ ಸಕ್ಕರೆ ಹಿಡ್ಕೊಂಡು ನಿಮ್ಮನೆಗೆ ಬರ್ತಾಳೆ, ಹೆಣ್ಣು ಕೇಳೋಕೆ."

ಅವತ್ತಿಡೀ ಅವಳ ಮುಖ ನೋಡಿದವರಿಗೆಲ್ಲ ವಿಷಯ ತಿಳಿದುಹೋಯಿತು!

ಈ ಸಲ ಹೂವು ಉಕ್ಕಿ ಬರುವ ದಿನವೇ ಆರನೇ ತರಗತಿಯ ಹುಡುಗಿಯರಿಗೆ ಪರೀಕ್ಷೆ ಬಿತ್ತು. ಪಾಸಾದವರಿಗೆ ಪೇಟೆಯ ಹಾಸ್ಟೆಲಿನಲ್ಲಿ ಜಾಗ, ಮುಂದಿನ ಓದು. ಕೂರದವರಿಗೆ ಹೊಲ, ಒಲೆ, ಆಮೇಲೆ ಮದುವೆ.

"ಒಂದು ಹೂವೂ ಹಾಳಾಗಲ್ಲ. ನಾನು ಮಾತು ಕೊಡ್ತೀನಿ," ಎಂದು ಇಜ್ಜಾ ಮನೆ ಮನೆಗೆ ಹೋಗಿ ಹೇಳಿಬಂದಿದ್ದಳು.

ಆ ದಿನ ಬೆಳಗಿನ ನಮಾಜು ಮುಗಿಯಿತು. ಚಳಿ ಕೊರೆಯುತ್ತಿತ್ತು. ಹೊಲದ ಬದುವಿನಲ್ಲಿ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಮಸುಕಿನಲ್ಲೇ ನೆಲವೆಲ್ಲ ನೇರಳೆಯಾಗಿ ಕಾಣುತ್ತಿತ್ತು.

ಗಾಡಿಯ ಸದ್ದಿಲ್ಲ.

"ಎಲ್ಲೇ ನಿನ್ನ ಕೈಗಳು?" ಎಂದಳು ಊರವರು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಫಾದ್ಮಾ. ಅವಳ ಮಗಳು ಟಿಝಿರಿಗೆ ಇವತ್ತೇ ಪರೀಕ್ಷೆ.

"ಬರ್ತಾರೆ ಖಾಲ್ತಿ. ಈಗ ಬರ್ತಾರೆ."

"ಹೇಗೆ ಬರ್ತಾರೆ? ಹಾರಿಕೊಂಡಾ? ಗಾಡಿ ಅವನ ಮನೆ ಮುಂದೆಯೇ ನಿಂತಿದೆ. ಬಾಗಿಲು ಹಾಕಿದೆ. ನಿನ್ನೆ ಸಂಜೆ ಹಾಜಿ ಬೆಲಾಯಿದ್ ಅಲ್ಲಿಗೆ ಹೋಗಿದ್ದ, ಈ ಕಣ್ಣಲ್ಲೇ ನೋಡಿದೀನಿ. ಕಾಸಾಬ್ಲಾಂಕಾಗೆ ಸರಕು ಸಾಗಿಸೋ ಕೆಲಸ ಕೊಡ್ತಾನಂತೆ. ಪೇಟೆಯವರನ್ನ ಕರ್ಕೊಂಡು ಬರೋದು ಬಿಟ್ರೆ. ಮಕ್ಕಳು ಶಾಲೆಗೆ ಹೋದ್ರೆ ಅವನಿಗೆ ಅಗ್ಗದ ಕೂಲಿ ಸಿಗಲ್ವಲ್ಲ."

"ಬಿಹಿ ಅಂಥವನಲ್ಲ."

"ಅಲ್ಲದೇ ಇದ್ರೆ ಎಲ್ಲಿ? ಹೋಗ್ಲಿ ಬಿಡು, ನಾನು ಟಿಝಿರಿನ ಎಬ್ಬಿಸ್ತೀನಿ."

"ಖಾಲ್ತಿ, ಬೇಡ! ದೇವರಾಣೆ, ಸ್ವಲ್ಪ ಹೊತ್ತು ತಡಿ. ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಇಜ್ಜಾ ಓಡಿದಳು. 'ಅವನು ಮಲಗಿಬಿಟ್ಟಿರ್ತಾನೆ. ಅಷ್ಟೇ… ಅಷ್ಟೇ ಇರಲಿ ದೇವರೇ…'

ಬಾಗಿಲು ಬಡಿದ ಕೂಡಲೇ ತೆರೆಯಿತು. ಅಂದರೆ ಅವನು ಮಲಗಿರಲಿಲ್ಲ! ಮೈಮೇಲೆ ಉಣ್ಣೆಯ ನಿಲುವಂಗಿ. ಕಣ್ಣು ಕೆಂಪು. ಅರ್ಧ ತೆರೆದ ಬಾಗಿಲಿಗೆ ಅಡ್ಡ ನಿಂತ.

"ಬಿಹಿ! ಪೇಟೆ ಜನ ಕೆಳಗೆ ಕೂಡುದಾರಿಯಲ್ಲಿ ಕಾಯ್ತಿದಾರೆ. ಏನಾಯ್ತು ನಿಂಗೆ?"

"ನಾನು ಬರೋಕಾಗಲ್ಲ."

"ಯಾಕೆ?"

ಅವನು ಬಾಗಿಲನ್ನು ಇನ್ನಷ್ಟು ಎಳೆದುಕೊಂಡ.

"ಹಾಜಿ ಬಂದಿದ್ದು ನಿಜಾನಾ?"

"ಬಂದಿದ್ದ."

"ಇವತ್ತೇ ಬೇಕಿತ್ತಾ ಬಿಹಿ? ನನ್ನ ಮಾತು ಮಣ್ಣು ಮಾಡೋಕೆ ಈ ದಿನವೇ ಸಿಕ್ತಾ ನಿಂಗೆ?"

"ಗಟ್ಟಿಯಾಗಿ ಮಾತಾಡಬೇಡ, ಇಜ್ಜಾ."

"ಮಾತಾಡ್ತೀನಿ! ಊರೆಲ್ಲ ಕೇಳಲಿ! ಅಜ್ಜಿನ ಕರಿ. ಅವಳ ಮುಂದೆ ಹೇಳು, ನಾನು ಹಾಜಿಗೆ ಮಾರಿಕೊಂಡೆ ಅಂತ. ಪಾಪ, ಇದನ್ನ ನೋಡೋಕೆ ಅವಳು ಬದುಕಿರಬೇಕಾಯ್ತಲ್ಲ!"

ಬಿಹಿ ಕಣ್ಣು ಮುಚ್ಚಿದ. ಅವನ ಕೈ ನಿಲುವಂಗಿಯ ಒಳಗಿನಿಂದ ಹೊರಬಂತು. ಅವಳ ಅಂಗೈಯಲ್ಲಿ ಗಾಡಿಯ ಕೀಲಿ ಇಟ್ಟ.

"ಓಡಿಸೋಕೆ ಬರುತ್ತೆ ನಿಂಗೆ. ಹೋಗು."

ಬಾಗಿಲು ಮುಚ್ಚಿತು.

ಇಜ್ಜಾ ಕಲ್ಲಿನ ಹಾಗೆ ನಿಂತಳು. ಕಾಡಿ ಬೇಡುವವಳಿಗೆ ಏನೋ ಕೊಟ್ಟು ಕಳಿಸಿದ ಹಾಗೆ! ಒಂದು ಮಾತಿಲ್ಲ, ಒಂದು ನೆಪವಿಲ್ಲ. ಸುಳ್ಳಾದರೂ ಹೇಳಬಾರದಿತ್ತೇ? ಸುಳ್ಳು ಹೇಳುವಷ್ಟು ಬೆಲೆಯೂ ತನಗಿಲ್ಲವೇ?

ಅಳಲು ಹೊತ್ತಿರಲಿಲ್ಲ.

ಮರಳಿನ ಮೇಲೆ ಮಾತ್ರ ಓಡಿಸಿ ಗೊತ್ತಿದ್ದವಳು ಅವತ್ತು ಬೆಟ್ಟದ ತಿರುವುಗಳಲ್ಲಿ ಗಾಡಿ ಇಳಿಸಿದಳು. ಪ್ರತಿ ತಿರುವಿನಲ್ಲೂ ದೇವರ ಹೆಸರು ಹೇಳಿದಳು, ಅದರ ಹಿಂದೆಯೇ ಬಿಹಿಗೆ ಶಾಪ ಹಾಕಿದಳು. ಕೂಡುದಾರಿಯಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದವರು ಅವಳ ಮುಖ ನೋಡಿ ಏನೂ ಕೇಳದೆ ಹತ್ತಿಕೊಂಡರು.

ತಡವಾಗಿತ್ತು, ಆದರೂ ಬಿಸಿಲು ಇನ್ನೂ ಬೆಟ್ಟದ ತುದಿಯಲ್ಲೇ ಇತ್ತು. ಎಲ್ಲರೂ ಹೊಲಕ್ಕೆ ಬಿದ್ದರು. ಬೆರಳುಗಳು ಓಡಿದವು. ಮೇಲಿನ ಹೊಲಗಳ ಕೊನೆಯ ಸಾಲುಗಳಷ್ಟೇ ಕೈತಪ್ಪಿದವು. ಟಿಝಿರಿ ತಲೆ ಬಾಚಿಕೊಂಡು, ಬೆರಳಲ್ಲಿ ಕೇಸರಿಯ ಕಲೆ ಇಲ್ಲದೆ, ಗೆಳತಿಯರ ಜೊತೆ ಶಾಲೆಯ ಗೇಟು ದಾಟಿದಳು.

"ಅವನಿಲ್ಲದೆಯೂ ಮಾಡಿ ತೋರಿಸಿದೆ ಕಣೇ," ಎಂದಳು ಫಾದ್ಮಾ.

ಅವನಿಲ್ಲದೆ… ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು.

ಗಾಡಿಯನ್ನು ಅವನ ಮನೆಯ ಮುಂದೆ ಬಿಟ್ಟು ಬರುವಾಗ ಇಜ್ಜಾ ಒಂದು ಕಡೆ ನಿಂತಳು. ಅದು ಬಿಹಿಯ ಹೊಲ. ಒಂದು ಹೂವನ್ನೂ ಯಾರೂ ಮುಟ್ಟಿರಲಿಲ್ಲ. ಎಲ್ಲವೂ ಬಿಸಿಲಿಗೆ ಅಗಲವಾಗಿ ಬಾಯಿ ತೆರೆದು, ದಳ ಬಾಡಿ ಮಲಗಿದ್ದವು.

'ಹಾಜಿಗೆ ಮಾರಿಕೊಂಡವನು ತನ್ನ ಹೂವನ್ನು ಯಾಕೆ ಬಿಟ್ಟ?'

ಅಷ್ಟರಲ್ಲಿ ಮಸೀದಿಯಿಂದ ಧ್ವನಿ ಕೇಳಿಸಿತು. ನಮಾಜಿನ ಹೊತ್ತಲ್ಲ. ಊರಿಗೆ ಊರೇ ತಲೆ ಎತ್ತಿತು.

"ನಾವೆಲ್ಲ ದೇವರವರು, ಅವನ ಕಡೆಗೇ ಮರಳುವವರು. ಲಲ್ಲಾ ಮಮ್ಮಾಸ್…"

ಮುಂದಿನದು ಇಜ್ಜಾಳಿಗೆ ಕೇಳಿಸಲಿಲ್ಲ.

ಸಾವಿನ ಮನೆಗೆ ಹೆಂಗಸರೆಲ್ಲ ನುಗ್ಗಿದರು. ಆ ಕಡೆ ವಾಡಿಕೆಯೇ ಹಾಗೆ. ಸಾವಿನ ಸುದ್ದಿ ಬಿದ್ದರೆ ಅವತ್ತು ಯಾರೂ ಬುಟ್ಟಿ ಹಿಡಿಯುವುದಿಲ್ಲ, ಹೊಲಕ್ಕೆ ಕಾಲಿಡುವುದಿಲ್ಲ. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬರುತ್ತಾರೆ. ದೇಹ ತೊಳೆಯಲು ಬಂದ ಮುದುಕಿ ಒಳಗಿನಿಂದ ಹೊರಬಂದು ಪಿಸುಗುಟ್ಟಿದಳು, "ಈಗ ಹೋದ ಜೀವ ಅಲ್ಲ ಇದು. ಬೆಳಗಿನ ನಮಾಜಿಗೆ ಮೊದಲೇ ಹೋಗಿದೆ. ಮೈ ತಣ್ಣಗೆ ಕಲ್ಲಾಗಿದೆ."

"ಹಾಗಾದ್ರೆ ಬಚ್ಚಿಟ್ಟಿದ್ನಾ?"

"ಹೂವಿಗೋಸ್ಕರ ಅಜ್ಜಿ ಸಾವನ್ನೇ ಬಚ್ಚಿಟ್ಟ! ಇವನಿಗೆ ದೇವರ ಭಯ ಬೇಡ್ವಾ?"

"ತನ್ನ ಹೂವಿಗೋಸ್ಕರ ಅಲ್ಲ," ಎಂದಳು ಇಜ್ಜಾ. ಎಲ್ಲರೂ ತಿರುಗಿದರು. "ಅವನ ಹೊಲಕ್ಕೆ ಹೋಗಿ ನೋಡಿ. ಒಂದು ಹೂವೂ ಬಿಡಿಸಿಲ್ಲ. ನಿಮ್ಮ ಬುಟ್ಟಿ ತುಂಬಲಿ ಅಂತ, ನಿಮ್ಮ ಹುಡುಗೀರು ಪರೀಕ್ಷೆಗೆ ಕೂರಲಿ ಅಂತ…"

ಅವಳಿಗೆ ಮಾತು ಮುಗಿಸಲಾಗಲಿಲ್ಲ. ಬೆಳಗಿನ ತನ್ನದೇ ಕೂಗು ಕಿವಿಯಲ್ಲಿ ಬಡಿಯಿತು. ಇದನ್ನ ನೋಡೋಕೆ ಅವಳು ಬದುಕಿರಬೇಕಾಯ್ತಲ್ಲ! ಆ ಬಾಗಿಲ ಹಿಂದೆ, ಕೈಗೆಟುಕುವಷ್ಟು ದೂರದಲ್ಲಿ, ಅಜ್ಜಿ ಬಿಳಿ ಹೊದಿಕೆಯಡಿ ಮಲಗಿದ್ದಳು.

ಮಧ್ಯಾಹ್ನದ ನಮಾಜಾದ ಮೇಲೆ ಗಂಡಸರು ಮಣ್ಣು ಮಾಡಿ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ; ನೆರೆಯವರೇ ಊಟ ತರಬೇಕು. ಸಂಜೆ ಇಜ್ಜಾ ಬಾರ್ಲಿ ರೊಟ್ಟಿ, ಬೇಳೆಯ ಸಾರು ಹೊತ್ತು ಬಂದಳು. ಒಳಗೆ ಹೆಂಗಸರು ಕೂತಿದ್ದರು. ಅಂಗಳದ ಗೋಡೆಗೆ ಒರಗಿ ಬಿಹಿ ಒಬ್ಬನೇ ಕೂತಿದ್ದ.

"ಬಿಹಿ…"

ಅವನು ತಲೆ ಎತ್ತಿದ. "ಟಿಝಿರಿ ಬರೆದಳಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಪ್ರಶ್ನೆ ಕೇಳಿ ಅಲ್ಲೇ ನೆಲದ ಮೇಲೆ ಕೂತಳು.

"ಬರೆದಳು. ಎಲ್ಲರೂ ಬರೆದರು."

"ಅಲ್‌ಹಮ್ದುಲಿಲ್ಲಾ. ಅಜ್ಜಿಗೆ ಅದೊಂದೇ ಯೋಚನೆ ಇದ್ದದ್ದು. ನಿನ್ನೆ ಹಾಜಿಯನ್ನ ಅವಳೇ ಬೈದು ಓಡಿಸಿದಳು. ನಗ್ತಾ ಊಟ ಮಾಡಿ ಮಲಗಿದಳು. ಆಮೇಲೆ ಎದೆ ಹಿಡ್ಕೊಂಡಳು. ಆಸ್ಪತ್ರೆಗೆ ಗಾಡಿ ತೆಗೀತೀನಿ ಅಂದೆ, ಬೇಡ ಅಂದಳು. 'ಬಿಸಿಲೇರುವವರೆಗೆ ಯಾರಿಗೂ ಹೇಳಬೇಡ. ಹೇಳಿದ್ರೆ ಬುಟ್ಟಿ ಕೆಳಗಿಟ್ಟು ಓಡಿ ಬರ್ತಾರೆ. ಹೂ ಹೋದ್ರೆ ಇಜ್ಜಾಳ ಮಾತು ಹೋಗುತ್ತೆ. ನಾಳೆಯಿಂದ ಯಾವ ತಾಯಿಯೂ ಅವಳನ್ನ ನಂಬಲ್ಲ' ಅಂದಳು."

"ನನಗೆ ಹೇಳಬಹುದಿತ್ತು. ನನಗೊಬ್ಬಳಿಗೆ."

"'ಅವಳಿಗಂತೂ ಬೇಡವೇ ಬೇಡ' ಅಂದಳು. 'ಅವಳ ಮುಖದಲ್ಲಿ ಏನೂ ನಿಲ್ಲಲ್ಲ. ಒಂದೇ ಗಳಿಗೇಲಿ ಊರಿಗೆಲ್ಲ ಗೊತ್ತಾಗುತ್ತೆ.'"

ಅಳುತ್ತಿದ್ದವಳಿಗೆ ನಗು ಬಂತು. ನಗುತ್ತಲೇ ಮತ್ತೆ ಅತ್ತಳು.

"ಅವಳನ್ನ ಒಂಟಿಯಾಗಿ ಬಿಟ್ಟು ಬರೋ ಹಾಗಿರಲಿಲ್ಲ," ಎಂದ ಬಿಹಿ. "ನೀನು ಬಂದೇ ಬರ್ತೀಯ ಅಂತ ಕೀಲಿ ಹಿಡ್ಕೊಂಡೇ ಕೂತಿದ್ದೆ."

"ಆದರೂ ನೀನು ನನಗೆ ಮೋಸ ಮಾಡಿದೆ ಬಿಹಿ. ಬೆಳಿಗ್ಗೆ ನಾನು ಅಂದ್ಕೊಂಡ ಮೋಸ ಅಲ್ಲ. ಬೇರೆ. ಅವಳ ಬಾಗಿಲಲ್ಲಿ ನಿಂತು ಅಂಥಾ ಮಾತು ಆಡೋಕೆ ನನ್ನ ಬಿಟ್ಟೆ. ಇನ್ನು ನಾನು ಯಾರ ಹತ್ರ ಕ್ಷಮೆ ಕೇಳಲಿ? ಅವಳ ಕೈ ಹಿಡ್ಕೊಳ್ಳೋಕೂ ನನಗೆ ಕೊಡಲಿಲ್ಲ ನೀನು."

"ಹೌದು. ಅದು ತಪ್ಪೇ. ಆದ್ರೆ ಒಂದು ಕೇಳು. ನಾನು ಗಟ್ಟಿಯಾಗಿ ಅಳೋ ಹಾಗಿರಲಿಲ್ಲ. ಸದ್ದು ಹೊರಗೆ ಹೋಗಬಾರದಿತ್ತು. ನೀನು ಬಂದು ಅಷ್ಟು ಕೂಗಾಡಿದೆಯಲ್ಲ… ಈ ಮನೇಲಿ ಯಾರೋ ಒಬ್ಬರು ಅವಳಿಗೋಸ್ಕರ ಅತ್ತ ಹಾಗಾಯ್ತು. ಬಾಗಿಲು ಹಾಕ್ಕೊಂಡ ಮೇಲೂ ಅದೇ ಕಿವಿಯಲ್ಲಿತ್ತು."

ಇಜ್ಜಾ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಅವನ ಕೈಗಿಟ್ಟಳು.

"ತಿನ್ನು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ನೀನು."

ಅವನು ಬಾಯಿಗಿಟ್ಟುಕೊಂಡ. ಅಗಿಯುತ್ತಾ ಅಗಿಯುತ್ತಾ, ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಒಡೆದು, ಮಗುವಿನ ಹಾಗೆ ಗಟ್ಟಿಯಾಗಿ ಅತ್ತ. ಒಳಗಿದ್ದ ಹೆಂಗಸರು ಯಾರೂ ಹೊರಗೆ ಬರಲಿಲ್ಲ.

"ನನ್ನ ಮೇಲೆ ಕೋಪ ಹೋಯ್ತಾ?" ಕಣ್ಣೊರೆಸಿಕೊಂಡು ಕೇಳಿದ.

"ಇಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ. ಇದು ಒಂದೆರಡು ದಿನದಲ್ಲಿ ಹೋಗೋ ಕೋಪ ಅಲ್ಲ ಬಿಹಿ. ಆಯಸ್ಸೆಲ್ಲ ಬೇಕಾಗುತ್ತೆ."

"ಹಾಗಾದ್ರೆ ಆಯಸ್ಸೆಲ್ಲ ಹತ್ತಿರದಲ್ಲೇ ಇದ್ದು ಕೋಪ ಮಾಡ್ಕೋ. ದೂರ ಮಾತ್ರ ಹೋಗಬೇಡ."

ಇಜ್ಜಾ ಇನ್ನೊಂದು ತುತ್ತು ಮುರಿದಳು.

"ಮೊದಲು ಇದನ್ನ ತಿನ್ನು," ಎಂದಳು. "ನಾನೆಲ್ಲಿಗೆ ಹೋಗ್ತೀನಿ?"