ಕಬ್ಬಿಣಕ್ಕೆ ಕಟ್ಟಿದ ವಸಡು

ಠಾಣೆಯಲ್ಲಿ ತನ್ನ ದನಿ ಮೇಜು ದಾಟುವುದಿಲ್ಲ ಎಂದು ಪ್ರೊಬೇಷನರಿ ಪಿಎಸ್‌ಐ ಲಹರಿ ಆ ಭಾನುವಾರ ಬೆಳಿಗ್ಗೆ ತನ್ನ ಡೈರಿಯಲ್ಲಿ ಬರೆದುಕೊಂಡಳು. ಮಾತು ಬಾಯಿಗೆ ಬರುವಷ್ಟರಲ್ಲಿ ಉಳಿದವರದು ಮುಗಿದಿರುತ್ತದೆ. ಫೋನಿನಲ್ಲಂತೂ ಅತ್ತಲಿನವರು ಹಲೋ, ಹಲೋ ಎಂದು ಇಟ್ಟೇಬಿಡುತ್ತಾರೆ. ಹೀಗಾದರೆ ಇನ್‌ಸ್ಪೆಕ್ಟರ್ ತನ್ನ ಬಗ್ಗೆ ಏನಂತ ವರದಿ ಕಳಿಸಿಯಾರು?

ಪೆನ್ನು ಮುಚ್ಚುವ ಮೊದಲೇ ಹೊರಗೆ ಆಟೊ ನಿಂತಿತು. ಎಡಗಾಲಿಗೆ ಶೂ, ಬಲಗಾಲಿಗೆ ಬರೀ ಸಾಕ್ಸು ಹಾಕಿದ್ದ ಹಿರಿಯರೊಬ್ಬರು ಕುಂಟುತ್ತ ಒಳಗೆ ಬಂದರು. ದಿನಾಂಕ 17-11-2024, ಸಮಯ 8.10.

"ಕಂಪ್ಲೇಂಟ್ ತಗೊಳ್ರೀ. ಕೊಲೆ ಯತ್ನ!"

ಹೆಡ್ ಕಾನ್‌ಸ್ಟೆಬಲ್ ಜ್ಞಾನಪ್ರಕಾಶ್ ಆಗಷ್ಟೇ ಚರ್ಚಿನಿಂದ ಬಂದು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದ. "ಕುತ್ಕೊಳಿ ಸಾರ್. ಹೆಸರು?"

"ಪ್ರೊಫೆಸರ್ ರಾಮಸ್ವಾಮಿ. ಬಡಾವಣೆ ಸಂಘದ ಅಧ್ಯಕ್ಷ. ನಮ್ಮ ಮುತ್ತಾತ ಅರಮನೆ ವಿದ್ವಾಂಸರು."

"ಮುತ್ತಾತಂದು ಬೇಡ ಸಾರ್. ನಿಮ್ ವಯಸ್ಸು ಹೇಳಿ."

ವಾಕಿಂಗ್ ಹೋಗಿದ್ದಾಗ ಕಬ್ಬಿಣದ ಟ್ರ್ಯಾಪೊಂದು ಅವರ ಬಲಗಾಲನ್ನು ಕಚ್ಚಿ ಹಿಡಿದಿತ್ತು. ಲೇಸು ಬಿಚ್ಚಿ, ಶೂವನ್ನು ಅಲ್ಲೇ ಬಿಟ್ಟು, ಕಾಲನ್ನು ಮಾತ್ರ ಎಳೆದುಕೊಂಡು ಬಂದಿದ್ದರು.

"ಮೂಳೆ ಮುರ್ದಿದ್ಯಾ?"

"ಇಲ್ಲ."

"ರಕ್ತ?"

"ಇಲ್ಲ. ಕೆಂಪಗಾಗಿದೆ ನೋಡ್ರೀ! ಮುರೀಲೇಬೇಕಿತ್ತಾ ನಿಮಗೆ?"

ಇನ್‌ಸ್ಪೆಕ್ಟರ್ ಶಿವಪ್ರಕಾಶ್ ಬಂದವರು ನಿಟ್ಟುಸಿರು ಬಿಟ್ಟು, ಇತರರ ಸುರಕ್ಷತೆಗೆ ಅಪಾಯ ತಂದ ಬಗ್ಗೆ ಎಫ್‌ಐಆರ್ ದಾಖಲಿಸಲು ಹೇಳಿದರು. ಅಧ್ಯಕ್ಷರ ಫೋನು ಕಮಿಷನರ್ ಕಚೇರಿಗೆ ಹೋಗುವ ಮೊದಲು ಕೇಸು ಮುಗಿಯಬೇಕು ಎಂಬುದಷ್ಟೇ ಅವರ ಆಸೆ.

9.30ಕ್ಕೆ ಜೀಪು ಸ್ಥಳ ತಲುಪಿತು. ಇಲವಾಲದ ಕಡೆಗೆ ಹಬ್ಬಿದ ಹೊಸ ಬಡಾವಣೆ; ಅರ್ಧದಷ್ಟು ಖಾಲಿ ಸೈಟು, ಅದರಾಚೆ ಒಣಗಿದ ಕೆರೆಯಂಗಳ, ಲಂಟಾನ ಪೊದೆ. ಪ್ರೊಫೆಸರು ಕಾಂಕ್ರೀಟ್ ಪಾದಚಾರಿ ದಾರಿಯನ್ನೇ ತೋರಿಸಿ, "ಇಲ್ಲೇ" ಎಂದರು. ಅಲ್ಲಿ ಏನೂ ಇರಲಿಲ್ಲ. ಲಹರಿ ತುಳಿದ ಹುಲ್ಲಿನ ಜಾಡು ಹಿಡಿದು ಪೊದೆಯೊಳಗೆ ಹೋದಳು. 'ಇಲ್ಲಿ ಮೂತ್ರ ವಿಸರ್ಜನೆ ನಿಷೇಧಿಸಲಾಗಿದೆ – ಅಧ್ಯಕ್ಷರು' ಎಂಬ ಬೋರ್ಡಿನ ಹಿಂದೆ, ಶೂವನ್ನು ಕಚ್ಚಿಕೊಂಡು ಟ್ರ್ಯಾಪು ಬಿದ್ದಿತ್ತು.

"ಈ ಸಂದೀಲಿ ಏನ್ ಮಾಡ್ತಿದ್ರಿ ಸಾರ್?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು... ಹಕ್ಕಿ ನೋಡ್ತಿದ್ದೆ."

"ಬೋರ್ಡ್ ಹಿಂದ್ಗಡೆ ಹಕ್ಕಿ ಚೆನ್ನಾಗಿ ಕಾಣ್ತವೆ ಬುಡಿ," ಎಂದ ಜ್ಞಾನಪ್ರಕಾಶ್.

ಪಂಚನಾಮೆ ಶುರುವಾಗುವಷ್ಟರಲ್ಲಿ ಅರಣ್ಯ ರಕ್ಷಕ ಸುಪ್ರೀತ್ ಬೈಕಿನಲ್ಲಿ ಬಂದ. ಟ್ರ್ಯಾಪು ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತದೆ, ತಮ್ಮ ಇಲಾಖೆಗೇ ಒಪ್ಪಿಸಬೇಕು ಎಂದ.

"ಒಳಗೆ ಸಿಕ್ಕಿದ್ದು ಮನುಷ್ಯ ಕಣಯ್ಯ!" ಎಂದರು ಇನ್‌ಸ್ಪೆಕ್ಟರ್.

"ಹಂಗಾದ್ರೆ ಟ್ರ್ಯಾಪ್ ನಮ್ದು, ಶೂ ನಿಮ್ದು ಸಾರ್."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಹಣೆ ಒತ್ತಿಕೊಂಡರು. "ಕಾಡೇ ಇಲ್ಲ ಇಲ್ಲಿ. ಯಾವ ಪ್ರಾಣಿಗಪ್ಪಾ ಇಟ್ಟಿದ್ದು?"

"ಒಂದು ನರಿ ಇದೆ ಸಾರ್. ಯಾರೋ ಹಂದಿಗಿಟ್ಟಿದ್ದ ಉರುಳಿಗೆ ಸಿಕ್ಕಿ ತಂತಿ ಕಿತ್ಕೊಂಡು ಬಂದಿದೆ. ಕುತ್ತಿಗೆಗೆ ಬಿಗಿದುಬುಟ್ಟಿದೆ. ನಾವೂ ಬೋನಿಟ್ವಿ. ಒಳಗಡೆ ಕೋಳಿ ಇಟ್ರೆ ಹೊರಗಡೆ ಕೂತ್ಕೊಂಡ್ ನೋಡುತ್ತೆ, ಬರಲ್ಲ. ಮತ್ತು ಬರ್ಸೋ ಮದ್ದಿನ ಗನ್ನಿಗೆ ಡಾಕ್ಟರ್ ಬೇಕು, ಡಾಕ್ಟರಿಗೆ ಆರ್ಡರ್ ಬೇಕು. ಏನ್ಮಾಡದು?"

ಆಗಲೇ ಲಹರಿಗೆ ಅದು ಕಂಡಿತು. ಕೆರೆಯಂಗಳದ ಆಚೆ ಮಣ್ಣಿನ ಗುಡ್ಡೆಯ ಮೇಲೆ, ಹಗಲಲ್ಲೇ. ಸೊರಗಿದ ಮೈ, ಬಾಯಿ ತೆರೆದೇ ಇತ್ತು. ಕತ್ತಿನ ಸುತ್ತ ಕೂದಲಿರಲಿಲ್ಲ, ಕೆಂಪು ಗೀರಿತ್ತು. ತಂತಿಯ ತುದಿ ಎದೆಯ ಮೇಲೆ ಜೋತು ಬಿದ್ದಿತ್ತು. ನುಂಗುವವರ ಹಾಗೆ ಕತ್ತು ಚಾಚಿತು, ಆಗದೆ ಬಿಟ್ಟಿತು. ಅವಳು ಕೈ ಎತ್ತಿ ತೋರಿಸುವ ಮೊದಲೇ ಇನ್‌ಸ್ಪೆಕ್ಟರ್, "ನರಿ ನಮ್ಮ ಕೇಸಲ್ಲ. ಬರ್ಕೊಳ್ಳಮ್ಮ," ಎಂದರು.

ಬರೆದುಕೊಂಡಳು. ಟ್ರ್ಯಾಪಿನ ಎರಡು ದವಡೆಗಳಲ್ಲಿದ್ದ ಹಲ್ಲುಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ. ಪೂರ್ತಿ ಮುಚ್ಚಿದರೂ ನಡುವೆ ಪೆನ್ಸಿಲ್ ದಪ್ಪದ ಸಂದು ಉಳಿಯುವಂತೆ ಬಗ್ಗಿಸಿದೆ. ಸರಪಳಿಯಲ್ಲಿ ಎರಡು ಕಡೆ ತಿರುಗುವ ಕೊಂಡಿ, ಮಧ್ಯೆ ಒಂದು ಸ್ಪ್ರಿಂಗು. ಕಚ್ಚುವ ಅಂಚಿಗೆಲ್ಲ ನುಣುಪಾದ ಗುಲಾಬಿ ಬಣ್ಣದ ಲೇಪ.

"ಬಬಲ್‌ಗಮ್," ಎಂದ ಜ್ಞಾನಪ್ರಕಾಶ್.

"ಸೋಪು," ಎಂದ ಸುಪ್ರೀತ್.

ಲಹರಿ ಬೆರಳಾಡಿಸಿದಳು. ಮೇಲೆ ಗಟ್ಟಿ, ಒಳಅಂಚು ಮೆತ್ತಗೆ. ಅಜ್ಜಿ ರಾತ್ರಿ ಲೋಟದ ನೀರಿನಲ್ಲಿ ಬಿಡುವ ಹಲ್ಲುಸೆಟ್ಟಿನ ಬಣ್ಣ ಇದು. "ಸರ್, ಇದು ಹಲ್ಲಿನ..." ಎಂದಳು. ಪ್ರೊಫೆಸರು ಆಗ ಶೂ ಕೇಳುತ್ತಿದ್ದರು. ಅವಳ ಮಾತು ಅಲ್ಲೇ ಬಿತ್ತು.

ಸೋಮವಾರವಿಡೀ ಹಾಳಾಯಿತು. ಹಂದಿಗೆ ಉರುಳಿಟ್ಟು ಹಿಂದೆ ಸಿಕ್ಕಿದ್ದ ಇಬ್ಬರನ್ನು ಕರೆಸಿ ವಿಚಾರಿಸಲಾಯಿತು. ಅವರಲ್ಲೊಬ್ಬ ಟ್ರ್ಯಾಪನ್ನು ಮುಟ್ಟಿ ನೋಡಿ ನಕ್ಕ. "ಇದ್ರಲ್ಲಿ ಹಂದಿ ಹಿಡಿಯಕ್ಕಾದದಾ ಸಾ? ಇದು ಹಿಡ್ಕಳಲ್ಲ, ಮುದ್ದಾಡ್ತದೆ." ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಥದ್ದು ಮಾರುವುದೇ ಇಲ್ಲ. ಅಧ್ಯಕ್ಷರ ಫೋನು ಕಮಿಷನರ್ ಕಚೇರಿ ತಲುಪಿತು.

ಸಂಜೆ ಲಹರಿ ತಾನೇ ದಂತವೈದ್ಯೆ ಮಾಲವಿಕಾ ಅವರ ಕ್ಲಿನಿಕ್ಕಿಗೆ ಹೋಗಿ ಫೋಟೊ ತೋರಿಸಿದಳು. ಅಜ್ಜಿಯ ಸೆಟ್ಟು ಅವರೇ ಹಾಕಿದ್ದು.

"ಸೆಟ್ಟಿನ ವಸಡಿಗೆ ಹಾಕೋದು ಇದೇ ಕಣಮ್ಮ. ಒಳಗಡೆ ಇರೋದು ವಸಡು ನೋಯೋರಿಗೆ ಹಾಕೋ ಮೆತ್ತನೆ ಲೈನರ್. ನಾವ್ ಡಾಕ್ಟರುಗಳು ಇಷ್ಟು ನೀಟಾಗಿ ಮಾಡಲ್ಲ. ಸೆಟ್ಟು ತಯಾರಿಸೋ ಲ್ಯಾಬಿನವರ ಕೈ ಇದು."

ಠಾಣೆಗೆ ಬಂದು, ಎರಡು ಮೇಜು ಆಚೆ ಕೂತಿದ್ದ ಇನ್‌ಸ್ಪೆಕ್ಟರಿಗೆ ಲಹರಿ ಇದನ್ನು ವಾಟ್ಸ್‌ಆ್ಯಪ್ ಮಾಡಿದಳು. ಅವರ ಮೊಬೈಲು ಟಿಣ್ ಎಂದಿತು. ಓದಿ ತಲೆ ಎತ್ತಿದರು.

"ಇಲ್ಲೇ ಕೂತ್ಕೊಂಡು ಮೆಸೇಜ್ ಮಾಡ್ತೀಯಲ್ಲಮ್ಮ! ಬಾಯಿಲ್ವಾ? ನಾಳೆ ನೀನೇ ಹೋಗು. ಜ್ಞಾನಪ್ರಕಾಶನ್ನ ಕರ್ಕೊಂಡ್ ಹೋಗು, ಅವನಿಗೆ ಬಾಯಿ ಜಾಸ್ತಿ."

ಮಂಗಳವಾರ ಕುಂಬಾರಕೊಪ್ಪಲಿನ ಲ್ಯಾಬಿನಲ್ಲಿ ಮಾಲೀಕ ಫೋಟೊವನ್ನು ಹಿಗ್ಗಿಸಿ ನೋಡಿದ. "ಈ ಪಾಲಿಶ್ ಮಾರ್ಟಿನ್‌ದು ಮೇಡಂ. ಒಂಟಿಕೊಪ್ಪಲ್‌ನಲ್ಲಿದ್ದಾರೆ. ಕನ್ನಡಿ ಆಗೋ ಗಂಟ ಉಜ್ಜೋ ಹುಚ್ಚು ಅವರೊಬ್ಬರಿಗೇ."

ಹೆಸರು ಕೇಳಿ ಜ್ಞಾನಪ್ರಕಾಶ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾರ್ಟಿನ್ ಅವರ ಲ್ಯಾಬಿನ ಬಾಗಿಲಲ್ಲಿ ಮಾತ್ರ, "ನಮ್ ಚರ್ಚಿನವರು ಮೇಡಂ," ಎಂದ.

ಒಳಗೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಐವತ್ತರ ಆಸುಪಾಸಿನ ಮಾರ್ಟಿನ್ ಮೋಟಾರು ನಿಲ್ಲಿಸಿ ಕನ್ನಡಕ ತೆಗೆದರು. ಬೆಂಚಿನ ಕೆಳಗೆ ಇನ್ನೂ ಎರಡು ಟ್ರ್ಯಾಪುಗಳಿದ್ದವು. ಅವರು ಮುಚ್ಚಿಡಲಿಲ್ಲ.

"ನರಿ ಸಿಕ್ತಾ?" ಅವರೇ ಮೊದಲು ಕೇಳಿದರು.

"ಸಿಕ್ಕಿದ್ದು ಪ್ರೊಫೆಸರ್ರು," ಎಂದ ಜ್ಞಾನಪ್ರಕಾಶ್.

ಮಾರ್ಟಿನ್ ಕನ್ನಡಕವನ್ನು ಬೆಂಚಿನ ಮೇಲಿಟ್ಟರು. "ನೋವಾಯ್ತಾ ಅವರಿಗೆ?"

"ನೀವೇ ಹೇಳಿ, ಹೇಗೆ ಮಾಡಿದ್ರಿ?" ಲಹರಿಯ ದನಿ ಅಷ್ಟು ಸಣ್ಣ ಕೋಣೆಯಲ್ಲಿ ಕೇಳಿಸಿತು.

ಬಡಾವಣೆಯ ಕೊನೆಯಲ್ಲಿ ಅವರ ಮನೆ ಏಳುತ್ತಿತ್ತು. ಗೋಡೆಗೆ ನೀರು ಹಾಕಲು ಹೋದಾಗಲೆಲ್ಲ ನರಿ ಕಾಣುತ್ತಿತ್ತು. ಟ್ರ್ಯಾಪು ಮೂರೂ ಗುಜರಿಯವು. "ದೊಡ್ಡದು ಬೇಡ ಅಂದ್ಕೊಂಡೆ, ಕಾಲು ತುಂಡಾಗುತ್ತೆ. ಚಿಕ್ಕದರ ಸ್ಪ್ರಿಂಗ್ ಸಡಿಲ, ಎಳ್ಕೊಂಡು ಹೋಗುತ್ತೆ. ಗಾಯದ ಮೇಲೆ ಇನ್ನೊಂದು ಕಬ್ಬಿಣ. ಮಧ್ಯದ್ದು ಆರಿಸ್ದೆ. ತುಳಿಯೋ ತಟ್ಟೆ ಬಿಗಿ ಮಾಡ್ದೆ, ಬೆಕ್ಕು, ಮುಂಗುಸಿ ಓಡಾಡಿದ್ರೆ ಬೀಳಬಾರದು ಅಂತ. ಒದ್ದಾಡಿದ್ರೆ ಕಾಲಿನ ಜೊತೆ ಸರಪಳೀನೂ ತಿರುಗ್ಬೇಕು. ಸೆಟ್ಟೂ ಹಂಗೇ ಅಲ್ವಾ ಮೇಡಂ? ಕಚ್ಬೇಕು, ನೋಯಿಸ್ಬಾರ್ದು."

"ಹಿಡ್ದು ಏನ್ ಮಾಡ್ತಿದ್ರಿ?"

"ಗೋಣಿಚೀಲ ಮುಚ್ಚಿ ತಂತಿ ಕತ್ತರಿಸೋದು. ಅಷ್ಟೇ." ಡ್ರಾಯರಿನಿಂದ ಇಕ್ಕಳ ತೆಗೆದು ತೋರಿಸಿದರು. "ದಿನಾ ಬೆಳಿಗ್ಗೆ ಇಟ್ಟು, ಗಾಡೀಲಿ ಕಾಯ್ತಾ ಕೂರ್ತಿದ್ದೆ. ಹೋಗೋವಾಗ ತೆಗೆದಿಡ್ತಿದ್ದೆ. ಭಾನುವಾರ ಅದು ಹತ್ತಿರಾನೇ ಓಡಾಡ್ತಿತ್ತು. ಚರ್ಚಿನ ಪೂಜೇಲಿ ಬೈಬಲ್ ವಾಚನ ಓದೋ ಸರದಿ ನಂದು, ತಪ್ಪಿಸೋ ಹಾಗಿರ್ಲಿಲ್ಲ. ಬೋರ್ಡ್ ಇರೋ ಕಡೆ ಯಾರೂ ಹೋಗಲ್ಲ ಅಂತ ಬಿಟ್ಟು ಬಂದ್ಬುಟ್ಟೆ. ವಾಪಸ್ ಹೋಗೋಷ್ಟರಲ್ಲಿ ಟ್ರ್ಯಾಪೇ ಇರ್ಲಿಲ್ಲ, ನರಿ ಸಿಕ್ಕಿ ಯಾರೋ ತಗೊಂಡ್ ಹೋದ್ರು ಅಂದ್ಕೊಂಡೆ."

"ಓದಿದ್ದು ಇವರೇ ಮೇಡಂ," ಜ್ಞಾನಪ್ರಕಾಶ್ ನೆಲ ನೋಡುತ್ತ ಹೇಳಿದ. "ನಾನೇ ಕೂತು ಕೇಳಿದೀನಿ."

"ಯಾರಿಗಾದ್ರೂ ತಿಳಿಸ್ಬಾರದಾಗಿತ್ತಾ?" ಲಹರಿ ಕೇಳಿದಳು.

ಮಾರ್ಟಿನ್ ಮೊದಲ ಬಾರಿ ದನಿ ಏರಿಸಿದರು. "ಯಾರಿಗೆ ತಿಳಿಸ್ಲಿಲ್ಲ ಹೇಳಿ! ಫಾರೆಸ್ಟಿನವರು ಬೋನಿಟ್ಟು ಸಾಕಾಗಿ, ಊರೊಳಗಿನದು ಪಾಲಿಕೆಗೆ ಅಂದ್ರು. ಪಾಲಿಕೆಯವರು ನಾಯಿ ಮಾತ್ರ ಅಂದ್ರು. ಪಶು ಆಸ್ಪತ್ರೇಲಿ ಹಿಡ್ಕೊಂಡ್ ಬನ್ನಿ ನೋಡ್ತೀವಿ ಅಂದ್ರು. ಹಿಡಿಯೋಕ್ ಹೋದೆ. ಈಗ ನೀವು ಬಂದಿದೀರ."

ಸಂಜೆ 4.40ಕ್ಕೆ ಬಂಧನ ಪತ್ರಕ್ಕೆ ಅವರ ಸಹಿ ಆಯಿತು. ಹೆಂಡತಿ ವಿನೀತಾಗೆ ಫೋನಿನಲ್ಲಿ ವಿಷಯ ತಿಳಿಸಲಾಯಿತು. ಉಳಿದ ಎರಡು ಟ್ರ್ಯಾಪು, ಇಕ್ಕಳ, ಲೈನರಿನ ಡಬ್ಬಿ ಜಪ್ತಿಯಾದವು. ಪ್ರೇರಣೆ ಏನು ಎಂಬಲ್ಲಿ ಬರೆಯಲು ಲಹರಿ ಜೀಪಿನಲ್ಲಿ ಮತ್ತೊಮ್ಮೆ ಕೇಳಿದಳು: ಅಷ್ಟು ಜನ ನಮ್ಮ ಕೈಲಾಗಲ್ಲ ಅಂದಮೇಲೆ ಬಿಟ್ಟುಬಿಡಬಹುದಿತ್ತಲ್ಲ?

"ನೋಡ್ಬುಟ್ಟಿದ್ನಲ್ಲ ಮೇಡಂ," ಎಂದರು ಮಾರ್ಟಿನ್. "ಕಣ್ಣಾರೆ ನೋಡಿ, ನೋಡ್ಲಿಲ್ಲ ಅಂತ ಹೆಂಗಿರೋದು?"

ಆರು ಗಂಟೆಗೆ ಠಾಣೆ ಸಂತೆಯಾಗಿತ್ತು. ಸುಪ್ರೀತ್ ಬೇಟೆ ಯತ್ನದ ಪ್ರಕರಣ ಬರೆದುಕೊಂಡು ಬಂದು, ಆರೋಪಿಯನ್ನು ತಮಗೆ ಒಪ್ಪಿಸಿ ಎನ್ನುತ್ತಿದ್ದ. ಆ ಕಲಮಿಗೆ ಜಾಮೀನು ಸುಲಭವಲ್ಲ. ಮೊದಲು ನಮ್ಮ ಕೇಸು ಎನ್ನುತ್ತಿದ್ದರು ಇನ್‌ಸ್ಪೆಕ್ಟರ್. ಮೂರನೆಯ ಬಾರಿ ಫೋನು ಮಾಡಿದ್ದ ಪ್ರೊಫೆಸರಿಗೆ ಜ್ಞಾನಪ್ರಕಾಶ್, "ಶೂ ಕೋರ್ಟಿಗೆ ಹೋಗುತ್ತೆ ಸಾರ್. ಇಲ್ಲ ಸಾರ್, ಒಂದೇ ಶೂ ಹೋಗುತ್ತೆ," ಎಂದು ಹಲ್ಲು ಕಚ್ಚಿ ವಿವರಿಸುತ್ತಿದ್ದ.

ಒಳಗಿನ ಬೆಂಚಿನಿಂದ ಮಾರ್ಟಿನ್, "ಸಾರ್, ಇವತ್ತು ಯಾರಾದ್ರೂ ಆ ಕಡೆ ಹೋಗಿದ್ರಾ?" ಎಂದರು. ಯಾರೂ ತಿರುಗಿ ನೋಡಲಿಲ್ಲ.

"ಒಳ್ಳೆ ಕೆಲಸ ಲಹರಿ. ಕೇಸ್ ಮುಗೀತು. ಟ್ರ್ಯಾಪ್ ಸೀಲ್ ಮಾಡ್ಸು," ಎಂದರು ಇನ್‌ಸ್ಪೆಕ್ಟರ್.

ಲಹರಿ ಟ್ರ್ಯಾಪನ್ನು ಅವರ ಮೇಜಿನ ಮೇಲಿಟ್ಟಳು. ಕಬ್ಬಿಣ ಗಾಜಿಗೆ ಬಡಿದು ಠಣ್ ಎಂದಿತು. ಮೊಬೈಲು ತೆಗೆಯಲು ಕೈ ಜೇಬಿಗೆ ಹೋಯಿತು. ಬರಿಗೈಯನ್ನೇ ಹೊರಗೆ ತೆಗೆದಳು.

"ಸರ್," ಎಂದಳು. ಕೋಣೆಯಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿತ್ತು ಅದು. "ನರಿ ಇನ್ನೂ ಅಲ್ಲೇ ಸಾಯ್ತಾ ಇದೆ. ಅದನ್ನ ಉಳಿಸೋಕೆ ಹೋದ ಒಬ್ಬರನ್ನ ನಾವು ಇಲ್ಲಿ ಕೂಡಿಹಾಕಿದೀವಿ."